ನಿಕಾಹ್‌ಗೆ ಒಂದು ದಿನ, ಪೌರತ್ವಕ್ಕೆ ಏಳು ವರ್ಷ

ಭಟ್ಕಳದ ಹಲವು ನವಾಯತ ಮನೆತನಗಳಿಗೆ ಕರಾಚಿಯಲ್ಲಿ ಬಂಧುಗಳಿದ್ದಾರೆ. 1947ರಲ್ಲಿ ದೇಶ ಎರಡಾದರೂ ಆ ಮನೆಗಳ ನಡುವೆ ನಿಕಾಹ್ ನಿಲ್ಲಲಿಲ್ಲ. ಓಡಾಟಕ್ಕೆ 1948ರಲ್ಲಿ ಪರ್ಮಿಟ್ ಬಂತು, 1952ರಲ್ಲಿ ಪಾಸ್‌ಪೋರ್ಟ್.

1955ರ ಪೌರತ್ವ ಕಾಯ್ದೆ ಭಾರತೀಯನ ಪತ್ನಿಗೆ ನೋಂದಣಿಯ ದಾರಿ ತೆರೆದಾಗ ವಾಸದ ಅವಧಿಯನ್ನು ಕೇಳಿರಲಿಲ್ಲ. 1986ರ ತಿದ್ದುಪಡಿ ವಿದೇಶಿ ಪತಿಗೂ ಆ ಅವಕಾಶ ನೀಡಿತು. ಜೊತೆಗೆ ಐದು ವರ್ಷಗಳ ವಾಸವನ್ನು ಕಡ್ಡಾಯ ಮಾಡಿತು. 2003ರ ತಿದ್ದುಪಡಿ ಅದನ್ನು ಏಳಕ್ಕೇರಿಸಿತು. ಇದು ಅರ್ಜಿ ಹಾಕುವ ಅರ್ಹತೆಗಷ್ಟೇ. ತೀರ್ಮಾನಕ್ಕೆ ಕಾಯುವುದು ಬೇರೆ. ಅಲ್ಲಿಯವರೆಗೆ ಪಾಕಿಸ್ತಾನದಿಂದ ಬಂದ ಸೊಸೆ ದೀರ್ಘಾವಧಿ ವೀಸಾವನ್ನು ನವೀಕರಿಸುತ್ತಲೇ ಇರಬೇಕು.

2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ಹತ್ಯಾಕಾಂಡದ ನಂತರ, ಪಾಕಿಸ್ತಾನಿಯರ ವೀಸಾಗಳು ರದ್ದಾದಾಗ ಈ ವೀಸಾಕ್ಕೆ ವಿನಾಯಿತಿ ಸಿಕ್ಕಿತು. ದೇಶದ ಭದ್ರತೆಗಾಗಿ ತನಿಖೆ ನಡೆಯಲಿ. ಆದರೆ ಅರ್ಜಿದಾರರಿಗೆ ಗಡುವು ವಿಧಿಸುವ ಸರಕಾರ ತನ್ನ ಉತ್ತರಕ್ಕೂ ಒಂದು ಗಡುವು ಹಾಕಿಕೊಳ್ಳಬಾರದೇ?