ಗೋಡೆ ಮೇಲೆ ಕ್ವಾಲಿಟಿ ಸರ್ಟಿಫಿಕೇಟ್, ಫೈಲ್ ಒಳಗೆ ಬೆಲ್ ಕರ್ವ್

1/6
ನಮ್ಮ ಬಿಕಾಂನಲ್ಲಿ ಎರಡು ಟಾಪಿಕ್ ಓದ್ತೀವಿ. ಎಚ್‌ಆರ್ ಪೇಪರ್‌ನಲ್ಲಿ 'ಫೋರ್ಸ್ಡ್ ಡಿಸ್ಟ್ರಿಬ್ಯೂಷನ್': ನೌಕರರನ್ನು ಸಾಲಾಗಿ ನಿಲ್ಲಿಸಿ ಮೇಲಿನವರಿಗೆ ಬಡ್ತಿ, ಕೆಳಗಿನವರಿಗೆ ಬಾಗಿಲು. ಇನ್ನೊಂದು ಕಡೆ 'ಟೋಟಲ್ ಕ್ವಾಲಿಟಿ ಮ್ಯಾನೇಜ್‌ಮೆಂಟ್'. ಎರಡಕ್ಕೂ ಶಾರ್ಟ್ ನೋಟ್ಸ್ ಬರೆದು ಪಾಸಾಗ್ತೀವಿ. ಆದ್ರೆ ಎರಡನೇ ಪಾಠದ ದೊಡ್ಡ ಗುರುಗಳೇ ಮೊದಲನೇ ಪಾಠವನ್ನು ಕಂಪನಿಗಳ ಮಾರಕ ರೋಗಗಳ ಪಟ್ಟಿಗೆ ಸೇರಿಸಿದ್ರು ಅಂತ ಗೊತ್ತಿತ್ತಾ? ಈ ಸರಣಿ ಆ ಜಗಳದ ಚರಿತ್ರೆ. ಪಾಲಿಬೆಟ್ಟದಿಂದ, ಗೋಣಿಕೊಪ್ಪದಿಂದ ಬಸ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋ ನಮಗೆಲ್ಲ ಇದು ಬೇಕಾದ ವಿಷಯ.

2/6
1981ನ್ನು ನೆನಪಿಟ್ಟುಕೊಳ್ಳಿ. ಆ ವರ್ಷ ಜಾಕ್ ವೆಲ್ಚ್ ಅಮೆರಿಕದ ಜಿಇ ಕಂಪನಿಯ ಮುಖ್ಯಸ್ಥರಾದರು. ಅದೇ ವರ್ಷ ಫೋರ್ಡ್ ಕಂಪನಿ, ಎಂಬತ್ತರ ಪ್ರಾಯದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರನ್ನು ಸಲಹೆಗೆ ಕರೆಸಿತು. ಇತ್ತ ಪುಣೆಯಲ್ಲಿ ಇನ್ಫೋಸಿಸ್ ಶುರುವಾಯ್ತು, 1983ರಲ್ಲಿ ಬೆಂಗಳೂರಿಗೆ ಬಂತು.

ವೆಲ್ಚ್ ಅವರ ಸೂತ್ರ 20-70-10. ಮೇಲಿನ 20% ಜನರಿಗೆ ಬೋನಸ್, ಬಡ್ತಿ. ನಡುವಿನ 70% ಜನ ಇರಲಿ. ಕೆಳಗಿನ 10% ಜನ ಹೊರಡಲಿ. ಪ್ರತಿ ವರ್ಷ ಇದೇ ಲೆಕ್ಕ.

ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರ್‌ಗಳಿಗೆ, ಕಂಪನಿ ಮುಖ್ಯಸ್ಥರಿಗೆ ಪಾಠ ಮಾಡಿದವರು. ಮರುವರ್ಷವೇ ಅಲ್ಲಿ ಅವರ ಹೆಸರಲ್ಲಿ ಬಹುಮಾನ ಶುರುವಾಯ್ತು. ಅವರ ವಾದ ಇಷ್ಟೇ: ಕೆಲಸ ಕೆಟ್ಟರೆ ಅದಕ್ಕೆ ಬಹುಪಾಲು ಕಾರಣ ವ್ಯವಸ್ಥೆ. ಯಂತ್ರ, ಕಚ್ಚಾ ಮಾಲು, ತರಬೇತಿ ಎಲ್ಲ ಮ್ಯಾನೇಜರ್ ಕೈಯಲ್ಲಿರುತ್ತೆ. ಶಿಕ್ಷೆ ಮಾತ್ರ ಕೆಲಸಗಾರನಿಗೆ ಯಾಕೆ?

3/6
ಇದನ್ನು ತೋರಿಸೋಕೆ ಡೆಮಿಂಗ್ ಒಂದು ಆಟ ಆಡಿಸ್ತಿದ್ರು. ಡಬ್ಬಿ ತುಂಬ ಮಣಿಗಳು, ಐದರಲ್ಲೊಂದು ಕೆಂಪು. 50 ಗುಳಿ ಇರೋ ಹಲಗೆಯನ್ನು ಅದ್ದಿ ತೆಗೀಬೇಕು. ಕೆಂಪು ಬಂದ್ರೆ ದೋಷ. ಕಡಿಮೆ ಕೆಂಪು ತೆಗೆದವರಿಗೆ ಶಹಬ್ಬಾಸ್, ಜಾಸ್ತಿ ತೆಗೆದವರಿಗೆ ಬೈಗುಳ, ಕೊನೆಗೆ ಕೆಲಸದಿಂದ ಔಟ್!

ನೀವೂ ಮನೆಯಲ್ಲಿ ಮಾಡಿ ನೋಡಿ. ಪಾತ್ರೆಗೆ ನಾಲ್ಕು ಲೋಟ ಒಳ್ಳೆ ಕಾಫಿ ಬೀಜ, ಒಂದು ಲೋಟ ಕಪ್ಪು ಬೀಜ ಹಾಕಿ ಕಲಸಿ. ಕಣ್ಣು ಮುಚ್ಚಿ 50 ಬೀಜ ತೆಗೀರಿ. ಸರಾಸರಿ 10 ಕಪ್ಪು ಬರಬೇಕು. ಈಗ ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ನೆನಪು ಮಾಡ್ಕೊಳ್ಳಿ: 50 × 0.2 × 0.8 = 8. ವರ್ಗಮೂಲ ಸುಮಾರು 2.83. ಅದರ ಮೂರು ಪಟ್ಟು ಸುಮಾರು 8.5. ಅಂದ್ರೆ 2ರಿಂದ 18ರವರೆಗೆ ಎಷ್ಟು ಕಪ್ಪು ಬಂದ್ರೂ ಅದು ಬರೀ ಆಕಸ್ಮಿಕ. 6 ತೆಗೆದ ಅಕ್ಕ ಜಾಣೆಯಲ್ಲ, 14 ತೆಗೆದ ತಮ್ಮ ಸೋಮಾರಿಯಲ್ಲ. ಆದ್ರೆ ರ‍್ಯಾಂಕಿಂಗ್ ಪ್ರಕಾರ ಅಕ್ಕನಿಗೆ ಪ್ರಮೋಷನ್, ತಮ್ಮನಿಗೆ ಡಿಸ್ಮಿಸ್. ಪಾತ್ರೆಗೆ ಕಪ್ಪು ಬೀಜ ಸುರಿದವರನ್ನು ಯಾರೂ ಕೇಳೋದಿಲ್ಲ.

4/6
"ಕಾಫಿಗೂ ಗ್ರೇಡ್ ಇದೆಯಲ್ಲ, ಪಿಬಿ, ಎ, ಬಿ, ಸಿ?" ಅಂತ ಊರಿನವರು ಕೇಳ್ತೀರಿ. ಇದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜರಡಿ ಹಿಡಿದು ಗಾತ್ರದ ಪ್ರಕಾರ ಬೇರೆ ಮಾಡ್ತಾರೆ. ಆದ್ರೆ ಎರಡು ವ್ಯತ್ಯಾಸ ಗಮನಿಸಿ.

ಒಂದು, ಜರಡಿಗೆ ಕೋಟಾ ಇಲ್ಲ. ಎಲ್ಲ ಬೀಜವೂ ಎ ಗಾತ್ರದ್ದಾದ್ರೆ ಎಲ್ಲವೂ ಎ. ಬೆಲ್ ಕರ್ವ್ ಹಾಗಲ್ಲ. ಹತ್ತು ಜನರೂ ಚೆನ್ನಾಗಿ ಕೆಲಸ ಮಾಡಿದ್ರೂ ಒಬ್ಬರು 'ಸಿ' ಆಗಲೇಬೇಕು.

ಎರಡು, ಜರಡಿ ಬೀಜವನ್ನು ಒಳ್ಳೇದು ಮಾಡಲ್ಲ. ಹಸಿರು ಕಾಯಿ ಕಿತ್ತಿದ್ರೆ, ಕಣದಲ್ಲಿ ಮಳೆಗೆ ನೆನೆದಿದ್ರೆ, ಎಷ್ಟು ಜರಡಿ ಹಿಡಿದ್ರೂ ರುಚಿ ಬರಲ್ಲ. ಗುಣಮಟ್ಟ ಹುಟ್ಟೋದು ತೋಟದಲ್ಲಿ. ಕೊಯ್ಲಿನಲ್ಲಿ ಬರೀ ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ರೆ ಹಣ್ಣಿನ ಜೊತೆ ಕಾಯಿಯೂ ಚೀಲಕ್ಕೆ ಬೀಳುತ್ತೆ. ಅದು ಕೊಯ್ಯುವವರ ತಪ್ಪಾ, ಲೆಕ್ಕ ಇಟ್ಟವರ ತಪ್ಪಾ?

5/6
ಈಗ ಫೋರ್ಡ್ ಏನಾಯ್ತು ನೋಡಿ. ಡೆಮಿಂಗ್ 1993ರಲ್ಲಿ ತೀರಿಕೊಂಡರು. 2000ದಲ್ಲಿ ಅದೇ ಫೋರ್ಡ್ ತನ್ನ ಮ್ಯಾನೇಜರ್‌ಗಳಿಗೆ ಎ, ಬಿ, ಸಿ ಗ್ರೇಡ್ ತಂದಿತು. 10% ಜನರಿಗೆ ಸಿ. ವಯಸ್ಸಾದವರನ್ನು ಹೊರಹಾಕೋ ಉಪಾಯ ಇದು ಅಂತ ನೌಕರರು ಕೋರ್ಟಿಗೆ ಹೋದ್ರು. 2001ರಲ್ಲಿ ಕಂಪನಿ ಈ ಪದ್ಧತಿ ಕೈಬಿಟ್ಟಿತು, 1.05 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸಿತು.

ನಮ್ಮ ಬೆಂಗಳೂರಿನ ಕಥೆ ಇನ್ನೂ ಸ್ವಾರಸ್ಯ. ಸಾಫ್ಟ್‌ವೇರ್ ಕಂಪನಿಗಳು ವಿದೇಶಿ ಗ್ರಾಹಕರ ನಂಬಿಕೆ ಗಳಿಸೋಕೆ ಸಿಎಂಎಂ ಅನ್ನೋ ಗುಣಮಟ್ಟದ ಸರ್ಟಿಫಿಕೇಟ್ ಹಿಂದೆ ಬಿದ್ದವು. ಅದನ್ನು ರೂಪಿಸಿದ ವಾಟ್ಸ್ ಹಂಫ್ರಿ ಬುನಾದಿ ತಗೊಂಡಿದ್ದು ಡೆಮಿಂಗ್, ಜುರಾನ್, ಕ್ರಾಸ್ಬಿ ಅವರ ವಿಚಾರಗಳಿಂದ. ಇನ್ಫೋಸಿಸ್ 1999ರಲ್ಲಿ ಅದರ ಅತ್ಯುನ್ನತ 5ನೇ ಹಂತ ಮುಟ್ಟಿತು. 2000ದಲ್ಲಿ ಜಿಇ ಕಂಪನಿಯ ಸಂಶೋಧನಾ ಕೇಂದ್ರ ವೆಲ್ಚ್ ಹೆಸರಲ್ಲೇ ವೈಟ್‌ಫೀಲ್ಡ್‌ನಲ್ಲಿ ತೆರೆಯಿತು. ಕೋಡ್ ತಪ್ಪಾದ್ರೆ ಪ್ರಕ್ರಿಯೆ ಸರಿ ಮಾಡು ಅನ್ನೋದು ಡೆಮಿಂಗ್ ಪಾಠ. ವರ್ಷದ ಕೊನೆಗೆ ಮಾತ್ರ ಬೆಲ್ ಕರ್ವ್‌ನಲ್ಲಿ ಮನುಷ್ಯರನ್ನು ಸಾಲು ಹಚ್ಚೋದು ವೆಲ್ಚ್ ದಾರಿ. ಎರಡೂ ಒಂದೇ ಸೂರಿನಡಿ!

2013ರಲ್ಲಿ ಮೈಕ್ರೋಸಾಫ್ಟ್ ಇಂಥ ರ‍್ಯಾಂಕಿಂಗ್ ನಿಲ್ಲಿಸಿತು. ಅಲ್ಲಿ ಜಾಣರು ಜಾಣರ ಟೀಮ್‌ಗೆ ಸೇರೋಕೆ ಹಿಂಜರಿತಿದ್ರು ಅಂತ ವರದಿಗಳು ಬಂದಿದ್ವು. ಪಕ್ಕದವರು ಗೆದ್ರೆ ನಾನು ಸೋಲ್ತೀನಿ ಅನ್ನೋ ಕಡೆ ಯಾರು ಯಾರಿಗೆ ಕೆಲಸ ಹೇಳಿಕೊಡ್ತಾರೆ? ಇನ್ಫೋಸಿಸ್ ಕೂಡ 2015ರಲ್ಲಿ ಕಡ್ಡಾಯ ಬೆಲ್ ಕರ್ವ್ ಬಿಟ್ಟಿತು.

6/6
ಹಾಗಾದ್ರೆ ನಿಜವಾಗ್ಲೂ ಕೆಲಸ ಮಾಡದವರನ್ನು ಏನು ಮಾಡೋದು? ನ್ಯಾಯವಾದ ಪ್ರಶ್ನೆ. ಡೆಮಿಂಗ್ ಬಳಿ ಉತ್ತರ ಇದೆ. ಮಣಿ ಆಟದ ಗೆರೆಯೊಳಗೆ ಇರುವವರನ್ನು ಒಬ್ಬರ ಮೇಲೊಬ್ಬರು ಅಂತ ಸಾಲು ಹಚ್ಚಬೇಡಿ. ಗೆರೆ ದಾಟಿ ಹೊರಗಿರುವವರ ಜೊತೆ ಕೂತು ಕಾರಣ ಹುಡುಕಿ. ತರಬೇತಿ ಬೇಕಾ, ಬೇರೆ ಕೆಲಸ ಹೊಂದುತ್ತಾ, ಆರೋಗ್ಯದ ತೊಂದರೆಯಾ? ಇದಕ್ಕೆ ಸಮಯ ಬೇಕು. ಕೋಟಾ ತುಂಬಿಸೋದು ಸುಲಭ, ಅದಕ್ಕೇ ಅದು ಮತ್ತೆ ಮತ್ತೆ ವಾಪಸ್ ಬರುತ್ತೆ. ನೀವು ಇದನ್ನು ಓದ್ತಿರೋ ಆ್ಯಪ್‌ನ ಮಾಲೀಕ ಕಂಪನಿ ಮೆಟಾ, 2025ರ ಫೆಬ್ರವರಿಯಲ್ಲಿ 'ಕಡಿಮೆ ಸಾಧನೆ' ಅಂತ ಹೇಳಿ ಸುಮಾರು 5% ನೌಕರರನ್ನು ತೆಗೆಯಿತು. ಆ ಹಣೆಪಟ್ಟಿ ಹೊತ್ತು ಮುಂದಿನ ಇಂಟರ್‌ವ್ಯೂಗೆ ಹೋಗಬೇಕಾದವರ ಪಾಡು ಯೋಚಿಸಿ.

ಮುಂದಿನ ವರ್ಷ ನಮ್ಮಲ್ಲಿ ತುಂಬ ಜನ ಇಂಟರ್‌ವ್ಯೂಗೆ ಕೂರ್ತೀವಿ. ಕೊನೆಗೆ "ನೀವೇನಾದ್ರೂ ಕೇಳ್ಬೇಕಾ?" ಅಂತಾರಲ್ಲ, ಆಗ ಕೇಳಿ: "ಇಲ್ಲಿ ರೇಟಿಂಗ್ ಹೇಗೆ ಕೊಡ್ತೀರಿ? ಕೆಳಗಿನ ಗ್ರೇಡ್‌ಗೆ ಕೋಟಾ ಇದೆಯಾ?" ಉತ್ತರ ಸಿಕ್ಕವರು ಕಾಮೆಂಟ್‌ನಲ್ಲಿ ಬರೀರಿ, ಕಂಪನಿ ಹೆಸರು ಬೇಡ. ಎಲ್ಲರಿಗೂ ಉಪಯೋಗ ಆಗುತ್ತೆ.

#ಪಾಲಿಬೆಟ್ಟ #ಕೊಡಗು #ಬಿಕಾಂ #ಕನ್ನಡದಲ್ಲಿಕಾಮರ್ಸ್