ಹರಿಗೋಲಿನ ಚರ್ಮ, ಹಡಗಿನ ತಗಡು

ಹಡಗಿನ ವಿನ್ಯಾಸ ನನ್ನ ಕೆಲಸ ಅಂದ್ರೆ ಜಗಳೂರಿನ ನೆಂಟರು ನಗ್ತಾರೆ. ಮಳೆಗೆ ಮುಗಿಲು ನೋಡೋ ಸೀಮೆಯವನಿಗೆ ಹಡಗಿನ ಉಸಾಬರಿ ಯಾಕಪ್ಪಾ ಅಂತ. ಹೊನ್ನಾಳಿಯವರು ಮಾತ್ರ ಹಾಗೆ ನಗೋ ಹಾಗಿಲ್ಲ. ತುಂಗಭದ್ರೆಗೆ ಸೇತುವೆಗಳಾಗುವ ಮುಂಚೆ ಮಳೆಗಾಲದಲ್ಲಿ ಆಚೆ ದಡ ಸೇರಿಸಿದ್ದು ಹರಿಗೋಲು.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಸುತ್ತುತ್ತಲೇ ಸಾಗುತ್ತದೆ ಅಂತ. ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನನ್ನು ಬೆನ್ನಟ್ಟಿ 1800ರಲ್ಲಿ ತುಂಗಭದ್ರೆ ದಾಟಿದ ಆರ್ಥರ್ ವೆಲ್ಲೆಸ್ಲಿಗೆ ಈ ಕಡೆಯ ನದಿಗಳ ಸ್ವಭಾವ ಚೆನ್ನಾಗಿ ಗೊತ್ತಾಗಿತ್ತು. 1803ರ ಮರಾಠಾ ಯುದ್ಧದ ಹೊತ್ತಿಗೆ ಬುಟ್ಟಿದೋಣಿ ಮಾಡಿಸಿಡಿ ಅಂತ ಪತ್ರದ ಮೇಲೆ ಪತ್ರ ಬರೆದ.

ದೋಣಿಗಳ ಚರಿತ್ರೆ ಬರೆಯುವವರು ಹರಿಗೋಲನ್ನು 'ಆದಿಮ' ಅಂತ ಒಂದೇ ಸಾಲಲ್ಲಿ ಮುಗಿಸೋದುಂಟು. ನನಗದು ಒಪ್ಪಿಗೆಯಿಲ್ಲ. ಹರಿಗೋಲು ಬಿಡಿಸಿದ ಗಂಟೇ ಹಡಗು ಕಟ್ಟೋರ ಗಂಟೂ ಹೌದು: ಚಪ್ಪಟೆ ಹಾಳೆಯನ್ನು ಎರಡೂ ದಿಕ್ಕಿಗೆ ಬಾಗಿದ ಮೈಗೆ ಹೊದಿಸೋದು ಹೇಗೆ?

ತಗಡಿನ ಕೆಲಸದವರನ್ನು ಕೇಳಿ. ಎಣ್ಣೆ ಸುರಿಯೋ ಆಲಿಕೆಯನ್ನು ಅವರು ಚಪ್ಪಟೆ ತಗಡಿನಲ್ಲೇ ಗೆರೆ ಹಾಕಿ ಕತ್ತರಿಸಿ ಸುತ್ತಿಬಿಡ್ತಾರೆ, ಯಾಕಂದ್ರೆ ಅದು ಒಂದೇ ದಿಕ್ಕಿಗೆ ಬಾಗಿದೆ. ಹಂಡೆಯ ತಳ ಹಾಗಲ್ಲ. ಅದನ್ನು ಬಡಿದು ಬಡಿದು ಹಿಗ್ಗಿಸಬೇಕು. ಎಳೆಯದೆ, ಕುಗ್ಗಿಸದೆ ಚಪ್ಪಟೆ ಹಾಳೆಯಿಂದ ಅಂಥ ಮೈ ಬರೋದೇ ಇಲ್ಲ ಅಂತ ಜರ್ಮನಿಯ ಗಾಸ್ 1827ರಲ್ಲಿ ಸಿದ್ಧಮಾಡಿ ತೋರಿಸಿದ. ಹರಿಗೋಲಿನವರು ಹಸಿ ಚರ್ಮ ಹಿಗ್ಗುತ್ತೆ, ಒಣಗಿದ್ರೆ ಬಿಗಿಯುತ್ತೆ ಅನ್ನೋದನ್ನು ನಂಬಿದರು. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದ ಮೇಲೆ ಅಂಚಿನಲ್ಲಿ ನೆರಿಗೆ ಹಿಡಿದರು. ಹೆಚ್ಚಾದ ಹಾಳೆ ಎಲ್ಲಿಗಾದರೂ ಹೋಗಬೇಕಲ್ಲ!

ಉಕ್ಕಿಗೆ ನೆರಿಗೆ ಹಿಡಿಯೋಕಾಗಲ್ಲ. ಅದಕ್ಕೇ ಹಡಗುಕಟ್ಟೆಗಳಲ್ಲಿ ಮೋಲ್ಡ್ ಲಾಫ್ಟ್ ಅನ್ನೋ ವಿಶಾಲವಾದ ಅಟ್ಟ ಇರ್ತಿತ್ತು. ಅದರ ನೆಲದ ಮೇಲೆ ಹಡಗಿನ ಗೆರೆಗಳನ್ನು ಇದ್ದಷ್ಟೇ ಅಳತೆಗೆ ಎಳೀತಿದ್ರು. ಬಳುಕುವ ಮರದ ಪಟ್ಟಿಗಳನ್ನು ಸೀಸದ ಭಾರ ಇಟ್ಟು ಬಾಗಿಸೋರು. ಆ ಪಟ್ಟಿಗೆ ಸ್ಪ್ಲೈನ್ ಅಂತ ಹೆಸರು. ಇವತ್ತು ಕಂಪ್ಯೂಟರಿನೊಳಗೆ ವಕ್ರರೇಖೆ ಎಳೆಯುವ ಗಣಿತಕ್ಕೂ ಅದೇ ಹೆಸರು. ಪಟ್ಟಿ ಹೋಯ್ತು, ಹೆಸರು ಉಳೀತು. 1960ರ ದಶಕದಲ್ಲಿ ನಾರ್ವೆಯ ಆಟೋಕಾನ್‌ನಂಥ ತಂತ್ರಾಂಶ ಬಂದು ತಗಡು ಕತ್ತರಿಸುವ ಯಂತ್ರಕ್ಕೆ ನೇರವಾಗಿ ಅಂಕಿಗಳನ್ನು ಕೊಡತೊಡಗಿತು. ಅಟ್ಟದ ಮೇಲೆ ಮಂಡಿಯೂರಿ ಗೆರೆ ಎಳೆಯುತ್ತಿದ್ದವರ ಕಸುಬು ನಿಧಾನಕ್ಕೆ ಮುಗೀತು.

ಈಗ ನಾವು ಮಾಡೋದಿಷ್ಟು. ಹಡಗಿನ ಮೈಮೇಲೆ ಉದ್ದದ ಜೋಡು, ಅಡ್ಡದ ಜೋಡುಗಳ ಗೆರೆ ಹಾಕ್ತೀವಿ. ನಡುವೆ ಸಿಕ್ಕ ತುಂಡೇ ಒಂದು ತಗಡು. ದಪ್ಪ ಎಷ್ಟು, ಅದು ಗೆರೆಯಿಂದ ಒಳಗೋ ಹೊರಗೋ ಅನ್ನೋದನ್ನೂ ಹೇಳಬೇಕು. ತಂತ್ರಾಂಶ ಆ ತುಂಡನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದು ನೆಲಕ್ಕೆ ಹಾಸುತ್ತೆ. ಎಲ್ಲಿ ಎಷ್ಟು ಹಿಗ್ಗಬೇಕು, ಎಷ್ಟು ಕುಗ್ಗಬೇಕು ಅಂತ ಬಣ್ಣದಲ್ಲಿ ತೋರಿಸುತ್ತೆ. ಕೆಂಪು ಜಾಸ್ತಿಯಾದ್ರೆ ಜೋಡಿನ ಗೆರೆ ಸರಿಸಬೇಕು, ಇಲ್ಲವೇ ತಗಡನ್ನು ಎರಡು ಮಾಡಬೇಕು. ಮಧ್ಯದ ಮೈ ಹೆಚ್ಚುಕಮ್ಮಿ ನೇರ, ತೊಂದರೆಯಿಲ್ಲ. ಮೂತಿ ಮತ್ತು ಹಿಂಬದಿಯಲ್ಲೇ ಪಜೀತಿ.

ಅಲ್ಲಿನ ತಗಡನ್ನು ಬಾಗಿಸೋದು ಎಷ್ಟೋ ಕಡೆ ಇವತ್ತಿಗೂ ಕೈಕೆಲಸ. ಗ್ಯಾಸ್ ಜ್ವಾಲೆಯಿಂದ ಗೆರೆಗುಂಟ ಕಾಯಿಸ್ತಾರೆ, ಹಿಂದೆಯೇ ನೀರು ಬಿಡ್ತಾರೆ. ಕಾದ ಗೆರೆ ತಣಿದಾಗ ಕುಗ್ಗುತ್ತೆ, ಇಡೀ ತಗಡು ನಿಧಾನಕ್ಕೆ ಬಟ್ಟಲಾಗುತ್ತೆ. ಎಲ್ಲಿ ಕಾಯಿಸಬೇಕು, ಎಷ್ಟು ಹೊತ್ತು ಅನ್ನೋದರಲ್ಲಿ ಬಹಳಷ್ಟು ಆ ಕೆಲಸಗಾರನ ಕಣ್ಣಳತೆ. ಮರದ ಮಾದರಿಯನ್ನು ತಗಡಿನ ಮೇಲಿಟ್ಟು ಸಂದಿಯಲ್ಲಿ ಬೆಳಕು ಕಾಣ್ತದೋ ಅಂತ ನೋಡ್ತಾನೆ. ಕಂಡರೆ ಮತ್ತೆ ಜ್ವಾಲೆ ಹಚ್ಚುತ್ತಾನೆ.