ಇಲಿ ಬಿದ್ದರೆ ಊರು ಬಿಡು

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ಮೈಸೂರು ಸೀಮೆಯ ಹಳ್ಳಿಗಳಿಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸಿಡುಬಿನದೂ ಅಷ್ಟೇ. 1975ರಲ್ಲಿ ಅದು ಭಾರತದಿಂದಲೇ ತೊಲಗಿತು. ಅದಕ್ಕೂ ಎಷ್ಟೋ ಮೊದಲು, ಊರವರ ಮುಖದ ಕಲೆ ನೋಡಿ ಹೆದರಿ ದಾಕು ಹಾಕಿಸಿಕೊಂಡೆ ಅನ್ನುತ್ತಾಳೆ ದುದ್ದದ ನಮ್ಮಜ್ಜಿ. ತೋಳಲ್ಲಿ ಗುರುತು ಇನ್ನೂ ಇದೆ.

2021ರ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಶುರುವಾಯಿತು. ಮೊಬೈಲಿನಲ್ಲಿ ಅಂಕಿಅಂಶ ತೋರಿಸಿದೆ. ಅಜ್ಜಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಪಕ್ಕದ ಮನೆಯಾಕೆ ಹಾಕಿಸಿಕೊಂಡು, ಮಾರನೇ ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೊರಟಿದ್ದು ನೋಡಿ, "ನಡಿ ಮಗ, ನಾನೂ ಬತ್ತೀನಿ" ಅಂದಳು.

ಹಿರಿಯರಿಗೆ ಕಣ್ಣಾರೆ ಕಂಡದ್ದೇ ಪ್ರಮಾಣ. ನಿಮ್ಮೂರಲ್ಲಿ ಹೇಗಿತ್ತು? ಬರೆಯಿರಿ.